ಹುಣಸೆಹಣ್ಣು ಹಚ್ಚುವ ಮೊದಲು ಓದಿ ನೋಡಿ

ಬರ್ಮಾ ರಣರಂಗದಲ್ಲಿ ಹೋರಾಡಿ ಬಂದ ಹಿರಿಯರ ಕೆಲವು ಮನೆಗಳಲ್ಲಿ ಜಪಾನೀ ಸೇನಾಧಿಕಾರಿಯ ಖಡ್ಗ ಇಂದಿಗೂ ಇದೆ. ಆಯುಧಪೂಜೆ ಬಂದೊಡನೆ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಅಲಗಿಗೆ ಕುಂಕುಮವಿಟ್ಟು, "ಇದು ಸಮುರಾಯ್ ಕತ್ತಿ" ಎಂದು ತೋರಿಸುವವರಿದ್ದಾರೆ. ಶಾಸನಕ್ಕೆ ಸುಣ್ಣ ಬಳಿದರೆ ನೊಂದುಕೊಳ್ಳುವ ನಾವು ಇದನ್ನು ಭಕ್ತಿಯೆನ್ನುವುದು ಹೇಗೆ?

ಮೊದಲಿಗೆ, ಹೆಸರೇ ತಪ್ಪು. ಸಮುರಾಯ್‌ಗಳು ಸಾರ್ವಜನಿಕವಾಗಿ ಖಡ್ಗ ಧರಿಸುವುದನ್ನು ಜಪಾನ್ ಸರ್ಕಾರವೇ 1876ರಲ್ಲಿ ನಿಷೇಧಿಸಿತು. 1945ರಲ್ಲಿ ಶರಣಾದ ಅಧಿಕಾರಿಯ ಸೊಂಟದಲ್ಲಿದ್ದುದು 'ಗುಂತೋ', ಅಂದರೆ ಸೇನಾಖಡ್ಗ. 1934 ಮತ್ತು 1938ರ ಮಾದರಿಗಳು ಪ್ರಾಚೀನ ಖಡ್ಗಗಳ ಆಕಾರವನ್ನು ಅನುಕರಿಸಿದವು. ಅವುಗಳಲ್ಲಿ ಅನೇಕ ಅಲಗುಗಳು ಯುದ್ಧಕಾಲದ ಕಾರ್ಖಾನೆಯವು. ಕೆಲವು ಮಾತ್ರ ಸಂಪ್ರದಾಯಸ್ಥ ಕಮ್ಮಾರರ ಕೈಕೆಲಸ, ಇಲ್ಲವೇ ಸೇನೆಯ ಹಿಡಿ ತೊಟ್ಟ ಮನೆತನದ ಹಳೆಯ ಅಲಗು.

ಯಾವುದು ಯಾವುದೆಂದು ತಿಳಿಸುವುದು ಹೊಳಪಲ್ಲ. ಹಿಡಿಯ ಬಿದಿರಿನ ಮೊಳೆಯನ್ನು ಬಲ್ಲವರಿಂದ ತೆಗೆಸಿದರೆ ಅಲಗಿನ ಬುಡ ಕಾಣುತ್ತದೆ. ಕಮ್ಮಾರನ ಹೆಸರು, ಕೆಲವೊಮ್ಮೆ ವರ್ಷ, ಕಾರ್ಖಾನೆಯದಾದರೆ ಪುಟ್ಟ ಮುದ್ರೆ ಅಲ್ಲಿರುತ್ತವೆ. ಅಲ್ಲಿನ ಕಪ್ಪು ತುಕ್ಕು ಕೊಳೆಯಲ್ಲ, ವಯಸ್ಸಿನ ಸಾಕ್ಷಿ. ಅದನ್ನು ಉಜ್ಜಿ ತೆಗೆದರೆ ಸಾಕ್ಷಿಯೇ ಹೋಯಿತು.

"ನಮ್ಮಜ್ಜ ಜಪಾನೀ ಜನರಲ್‌ನಿಂದಲೇ ಕಿತ್ತುಕೊಂಡದ್ದು" ಎನ್ನುವವರು ಹಿಡಿಯ ಕುಚ್ಚನ್ನು ನೋಡಲಿ. ಕಂದು ಮತ್ತು ನೀಲಿಯಾದರೆ ಲೆಫ್ಟಿನೆಂಟ್ ಅಥವಾ ಕ್ಯಾಪ್ಟನ್. ಕಂದು ಮತ್ತು ಕೆಂಪಾದರೆ ಮೇಜರ್‌ನಿಂದ ಕರ್ನಲ್‌ವರೆಗೆ. ಚಿನ್ನದ ಎಳೆ ಸೇರಿದ್ದರೆ ಮಾತ್ರ ಜನರಲ್. ಕುಚ್ಚು ಬದಲಾಗಿರಲೂಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡಿ.

ಹೀಗೆ ಕೇಳುವುದು ಅಜ್ಜನಿಗೆ ಅವಮಾನವೇ? ಖಂಡಿತ ಅಲ್ಲ. ಹದಿನಾಲ್ಕನೆಯ ಸೇನೆಯನ್ನು ಬರ್ಮಾದಲ್ಲಿ ಮುನ್ನಡೆಸಿದ್ದ ಜನರಲ್ ಸ್ಲಿಮ್, ಜಪಾನೀ ಅಧಿಕಾರಿಗಳು ತಮ್ಮ ಸೈನಿಕರೆದುರೇ ಖಡ್ಗ ಒಪ್ಪಿಸಬೇಕೆಂದು ಪಟ್ಟುಹಿಡಿದರು. ಹಾಗೆ ಕೈಸೇರಿದ ಖಡ್ಗಗಳು ಹಲವು. ಅಜ್ಜನ ಶೌರ್ಯ ಬರ್ಮಾದ ಕೆಸರಿನಲ್ಲಿ ನಡೆದದ್ದು. ಅದಕ್ಕೆ ಶತ್ರುವಿನ ಪದವಿಯ ಊರುಗೋಲು ಬೇಕಿಲ್ಲ.

ಪೂಜೆ ಬೇಡವೆನ್ನುತ್ತಿಲ್ಲ. ಒರೆಯ ಮೇಲೆ ಹೂವಿಡಿ. ಅಲಗನ್ನು ಬರಿಗೈಯಿಂದ ಮುಟ್ಟಬೇಡಿ. ಮೃದುವಾದ ಬಟ್ಟೆಯಿಂದ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಯಾರು, ಎಲ್ಲಿಂದ, ಯಾವಾಗ ತಂದರೆಂಬುದನ್ನು ಬಲ್ಲ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಿ. ಹಿಡಿಗೆ ಜಪಾನೀ ಅಕ್ಷರಗಳ ಬಟ್ಟೆಯ ಅಥವಾ ಮರದ ಪಟ್ಟಿ ಕಟ್ಟಿದ್ದರೆ ಎಸೆಯಬೇಡಿ. ಎಂದಾದರೊಂದು ದಿನ ಮರಳಿ ದೊರೆಯಲೆಂದು ಖಡ್ಗ ಒಪ್ಪಿಸಿದ ಕೆಲವರು ತಮ್ಮ ಹೆಸರು, ವಿಳಾಸ ಬರೆದು ಕಟ್ಟಿದ್ದುಂಟು. ಆ ಹೆಸರಿನ ಹಿಂದೆಯೂ ಒಂದು ಮನೆತನವಿದೆ.