ನಹಪಾನನ ಬೆಳ್ಳಿ ನಾಣ್ಯವೂ ಭೂತಬಲಿಯ ಮುಖವೂ

ಹಳೆಯ ಬೆಳ್ಳಿ ನಾಣ್ಯವೊಂದರಲ್ಲಿ ‘ನಹಪಾನ’ ಎಂಬ ಅಕ್ಷರಗಳು ಕಂಡೊಡನೆ ಅದನ್ನು ಜೈನ ಇತಿಹಾಸದ ಪುರಾವೆಯೆಂದು ಸಾರುವವರಿದ್ದಾರೆ. ಅವರ ವಾದಸರಣಿ ಸರಳ. ವಿಬುಧ ಶ್ರೀಧರನ ‘ಶ್ರುತಾವತಾರ’ದಲ್ಲಿ ನರವಾಹನನೆಂಬ ಅರಸನು ದೀಕ್ಷೆವಹಿಸಿ ಆಚಾರ್ಯ ಭೂತಬಲಿಯಾದನೆಂಬ ಕಥೆಯಿದೆ, ನರವಾಹನನೇ ಕ್ಷಹರಾತ ದೊರೆ ನಹಪಾನ, ಆದುದರಿಂದ ನಾಣ್ಯದ ಮೇಲಿರುವುದು ಷಟ್ಖಂಡಾಗಮಕಾರನ ಮುಖ! ಈ ಸರಪಣಿಯ ಒಂದು ಕೊಂಡಿಯನ್ನೂ ನಾಣ್ಯವು ಬೆಸೆದಿಲ್ಲ.

ಮೊದಲು ಕೇಳಬೇಕಾದುದು ನಾಣ್ಯ ಯಾರದೆಂದಲ್ಲ, ಅಸಲಿಯೇ ಎಂದು. ನಹಪಾನನ ನಾಣ್ಯಗಳು 2 ಗ್ರಾಂ ಆಸುಪಾಸಿನ ತೂಕದವು, ಅಚ್ಚುಗಳ ನಡುವೆ ಇಟ್ಟು ಹೊಡೆದು ಮುದ್ರಿಸಿದವು. ಎರಕ ಹೊಯ್ದ ನಕಲಿನ ಅಂಚಿನಲ್ಲಿ ಜೋಡಣೆಯ ಗೆರೆಯೂ ಮೈಮೇಲೆ ಗಾಳಿಗುಳ್ಳೆಯ ಕುಳಿಗಳೂ ಉಳಿಯುವುದುಂಟು. ಬಳಕೆಯಿಂದಾದ ಒಂದೇ ಗೀರು ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿದ್ದರೆ ಅಲ್ಲಿ ನಕಲು ಇದೆಯೆಂದೇ ಅರ್ಥ. ಚಿತ್ರ ನೋಡಿ ತೀರ್ಪು ಕೊಡುವವರು ತೂಕವನ್ನೂ ಅರಿಯರು, ಅಂಚನ್ನೂ ಕಾಣರು.

ಅಸಲಿಯಾದರೂ ದೊರೆತ ನೆಲೆ ತಿಳಿಯದ ನಾಣ್ಯ ಅರ್ಧ ಮೂಕ. 1906ರಲ್ಲಿ ನಾಸಿಕ ಜಿಲ್ಲೆಯ ಜೋಗಲ್‌ತೆಂಬಿಯಲ್ಲಿ 13,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ಅವುಗಳಲ್ಲಿ 9,000ಕ್ಕೂ ಹೆಚ್ಚಿನವುಗಳ ಮೇಲೆ ಗೌತಮೀಪುತ್ರ ಶಾತಕರ್ಣಿಯ ಮರುಮುದ್ರೆಯಿತ್ತು. ಬಿಡಿಬಿಡಿಯಾಗಿ ಅಂಗಡಿ ಸೇರಿದ್ದರೆ ಅವು ಕೆಟ್ಟ ಅಚ್ಚಿನವೆನಿಸುತ್ತಿದ್ದವು. ಒಟ್ಟಿಗೆ ಉಳಿದುದರಿಂದ ಗೆದ್ದವನು ಸೋತವನ ಹಣಕ್ಕೆ ತನ್ನ ಗುರುತೊತ್ತಿದ ಸಂಗತಿ ಬಯಲಾಯಿತು. ಭರುಕಚ್ಛದ ನಹವಾಹನನಿಗೂ ಪ್ರತಿಷ್ಠಾನದ ಸಾಲವಾಹನನಿಗೂ ಇದ್ದ ಹಗೆಯ ಕಥೆ ಆವಶ್ಯಕ ಸೂತ್ರದ ವ್ಯಾಖ್ಯಾನ ಪರಂಪರೆಯಲ್ಲಿದೆ. ಆ ಕಥೆಯ ತಿರುಳಿಗೆ ಈ ಮರುಮುದ್ರೆ ಒತ್ತಾಸೆಯಾಗುತ್ತದೆ. ನಾಣ್ಯವೂ ಸಾಹಿತ್ಯವೂ ಕೂಡುವ ನ್ಯಾಯವಾದ ಎಡೆ ಇದು. ಆದರೆ ಅರಸನ ಧರ್ಮ ಯಾವುದೆಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ನಾಣ್ಯದ ಬರಹವಾದರೂ ಹೇಳುವುದು ರಾಜನೆಂಬ ಬಿರುದು, ಕ್ಷಹರಾತವೆಂಬ ಕುಲ, ನಹಪಾನನೆಂಬ ಹೆಸರು ಇಷ್ಟನ್ನೇ. ಇನ್ನು ಮುಖದ ಮಾತು: ಅದೇ ನಿಧಿಯಲ್ಲಿ ವಯಸ್ಸೂ ಮುಖಲಕ್ಷಣವೂ ನಾಣ್ಯದಿಂದ ನಾಣ್ಯಕ್ಕೆ ಬೇರೆಯಾಗುತ್ತವೆ. ಅವುಗಳಲ್ಲಿ ಭೂತಬಲಿಯ ಮುಖ ಯಾವುದು?

ಹಸ್ತಪ್ರತಿಯ ಒಂದು ಪಾಠವನ್ನು ಒಪ್ಪುವ ಮುನ್ನ ಪ್ರತಿಯ ಮೂಲ, ಲಿಪಿಕಾರನ ಸ್ಖಾಲಿತ್ಯ, ಪ್ರಕ್ಷೇಪಗಳನ್ನು ಶೋಧಿಸುವ ವಿದ್ವಾಂಸರೇ ನಾಣ್ಯದ ಮುಂದೆ ಆ ಶಿಸ್ತನ್ನು ಕಳಚಿಡುವುದೇಕೆ? ಷಟ್ಖಂಡಾಗಮವನ್ನು ಕಾಪಾಡಿದ್ದು ಮೂಡಬಿದಿರೆಯ ಓಲೆಗರಿಗಳು. ಅದರ ಹಿರಿಮೆಗೆ ಕ್ಷತ್ರಪನೊಬ್ಬನ ಮುಖದ ಜಾಮೀನು ಬೇಕಿಲ್ಲ. ನಹಪಾನನೇ ಭೂತಬಲಿಯೆನ್ನುವವರು ಅದನ್ನು ಹೇಳುವ ಶಾಸನವನ್ನು ತರಲಿ. ನಾಣ್ಯವನ್ನು ಅದು ನುಡಿದಷ್ಟಕ್ಕೆ ಬಿಡಲಿ.