ಪ್ರವಾಸಿಯ ಹಣ ಎಲ್ಲಿ ಇಳಿಯುತ್ತದೆ?

ಟೇಕಲ್ಲಿನ ಬಂಡೆಬೆಟ್ಟಗಳನ್ನೂ ವರದರಾಜಸ್ವಾಮಿ ದೇವಸ್ಥಾನವನ್ನೂ ನೋಡಲು ಹೊರಗಿನ ಜನ ಬರಬೇಕು, ಊರಿನ ವ್ಯಾಪಾರ ಬೆಳೆಯಬೇಕು ಎಂಬ ಆಸೆ ನ್ಯಾಯವಾದದ್ದೇ. ಊರಿಗೆ ರೈಲಿದೆ, ಬೆಂಗಳೂರು ಹತ್ತಿರದಲ್ಲಿದೆ. ಆದರೆ ಪ್ರವಾಸಿಯನ್ನು ಕರೆಯುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಅವನ ಹಣ ಎಲ್ಲಿ ಇಳಿಯುತ್ತದೆ?

ಈ ಪ್ರಶ್ನೆಯನ್ನು ತಡವಾಗಿ ಕೇಳಿ ನಷ್ಟಪಟ್ಟವರು ಕೆರಿಬಿಯನ್ ಸಮುದ್ರದ ದ್ವೀಪಗಳ ಜನ. ಕಬ್ಬಿನ ತೋಟಗಳ ಆದಾಯ ಇಳಿದ ಮೇಲೆ ಅಲ್ಲಿಯ ಸರಕಾರಗಳು ಕಡಲತೀರವನ್ನೇ ನಂಬಿದವು. ಜಮೈಕದ ಮಾಂಟೆಗೊ ಬೇಯಲ್ಲಿ 1981ರಲ್ಲಿ ತೆರೆದ ಸ್ಯಾಂಡಲ್ಸ್‌ನಂಥ ಹೋಟೆಲುಗಳು 'ಎಲ್ಲವೂ ಸೇರಿ ಒಂದೇ ದರ' ಎಂಬ ಪದ್ಧತಿಯನ್ನು ಹರಡಿದವು. ಪ್ರವಾಸಿ ತನ್ನ ದೇಶದಲ್ಲೇ ಹಣ ಕಟ್ಟಿ ಬರುತ್ತಾನೆ. ಊಟ, ಕುಡಿತ, ಕುಣಿತ ಎಲ್ಲವೂ ಕಾಂಪೌಂಡಿನ ಒಳಗೇ. ಹೊರಗೆ ಹಣ್ಣು ಮಾರುವವಳಿಗೂ ಟ್ಯಾಕ್ಸಿಯವನಿಗೂ ಅವನು ಬಂದರೂ ಒಂದೇ, ಬಾರದಿದ್ದರೂ ಒಂದೇ.

ಅಷ್ಟೂ ದ್ವೀಪಗಳಲ್ಲಿ ಇರುವುದು ಅದೇ ಮರಳು, ಅದೇ ಬಿಸಿಲು. ಇದೇ ಕಂಪನಿಗಳ ಕೈಗೆ ಆಯುಧವಾಯಿತು. 'ನೀವು ತೆರಿಗೆ ಹಾಕಿದರೆ ಪಕ್ಕದ ದ್ವೀಪಕ್ಕೆ ಹೋಗುತ್ತೇವೆ' ಎಂದರೆ ಸಾಕು, ಸರಕಾರ ಮಣಿಯುತ್ತದೆ. ಪ್ರವಾಸಿ ಹಡಗುಗಳ ಮೇಲೆ ತಲೆಗೆ 10 ಡಾಲರಿನಂತೆ ಒಂದೇ ತೆರಿಗೆ ಹಾಕಬೇಕೆಂದು 1990ರ ದಶಕದಲ್ಲಿ ಆ ದೇಶಗಳು ಮಾತಾಡಿಕೊಂಡವು. ಹಡಗು ಕಂಪನಿಗಳು ಕಣ್ಣು ಕೆಂಪಗೆ ಮಾಡಿದೊಡನೆ ಒಗ್ಗಟ್ಟು ಮುರಿಯಿತು. 1999ರಲ್ಲಿ ಗ್ರೆನೇಡ ಎಂಬ ಪುಟ್ಟ ದೇಶ ಕಸ ವಿಲೇವಾರಿಗೆಂದು ತಲೆಗೆ ಒಂದೂವರೆ ಡಾಲರು ಕೇಳಿತು. ಕಾರ್ನಿವಲ್ ಕಂಪನಿ ತನ್ನ ಹಡಗುಗಳನ್ನು ಆ ಬಂದರಿಗೆ ಕಳಿಸುವುದನ್ನೇ ನಿಲ್ಲಿಸಿತು!

ಇದು ಮಿಲ್ಲಿನ ಕಾರ್ಮಿಕರಿಗೆ ಹೊಸ ಪಾಠವೇನಲ್ಲ. ಗೇಟಿನ ಮುಂದೆ ಒಬ್ಬ 'ನಾನು ಕಡಿಮೆ ಕೂಲಿಗೆ ಬರುತ್ತೇನೆ' ಎಂದರೆ ಒಳಗಿರುವ ಎಲ್ಲರ ಕೂಲಿಯೂ ಇಳಿಯುತ್ತದೆ. ಮನುಷ್ಯರಂತೆಯೇ ಊರುಗಳನ್ನೂ ಗೇಟಿನ ಮುಂದೆ ನಿಲ್ಲಿಸಿ ಹರಾಜು ಕೂಗಬಹುದು.

ನಮ್ಮ ಜಿಲ್ಲೆಯಲ್ಲಿ ಈ ಹರಾಜು ಆಗಲೇ ಸಣ್ಣದಾಗಿ ಆರಂಭವಾಗಿದೆ. ಅಂತರಗಂಗೆಯ ಗುಹೆಗಳಿಗೆ ರಾತ್ರಿ ಚಾರಣದ ಪ್ಯಾಕೇಜು ಮಾರಾಟವಾಗುವುದು ಬೆಂಗಳೂರಿನಲ್ಲಿ. ಬಸ್ಸು, ತಿಂಡಿ, ದಾರಿ ತೋರುವವನು ಎಲ್ಲವೂ ಆ ದರದೊಳಗೆ ಸೇರಿದ್ದರೆ ಕೋಲಾರದ ಹೋಟೆಲಿಗೆ ಉಳಿಯುವುದೇನು? ಬೆಟ್ಟಕ್ಕೆ ಉಳಿಯುವುದು ಪ್ಲಾಸ್ಟಿಕ್ ಬಾಟಲಿ. ಕೋಲಾರದವರು ಷರತ್ತು ಹಾಕಿದರೆ ಸ್ಕಂದಗಿರಿ ಇದೆ, ಸಾವನದುರ್ಗ ಇದೆ. ನಾಳೆ ಟೇಕಲ್ಲನ್ನೂ ಆ ಸಾಲಿಗೆ ಸೇರಿಸಿ, 'ನಿಮ್ಮಲ್ಲಿ ಇನ್ನೂ ಅಗ್ಗವೇ?' ಎಂದು ಕೇಳುವರು.

ರೆಸಾರ್ಟು ಬಂದರೆ ನೀರಿನ ಮಾತೂ ಬರುತ್ತದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತಂದು ಕೆರೆಗಳಿಗೆ ಬಿಡಬೇಕಾಗಿ ಬಂದಿದೆ. ಇಂಥ ನೆಲದಲ್ಲಿ ಈಜುಕೊಳಕ್ಕೆಂದು ಕೊಳವೆಬಾವಿ ಕೊರೆಸಲು ಬಿಟ್ಟು, ಅದನ್ನು ಅಭಿವೃದ್ಧಿಯೆಂದು ಕರೆಯುವುದೇ?

ಪ್ರವಾಸಿ ಬೇಡವೆಂದು ಯಾರೂ ಹೇಳುವುದಿಲ್ಲ. ಟೇಕಲ್, ಅಂತರಗಂಗೆ, ಆವಣಿ, ಕುರುಡುಮಲೆ ಒಬ್ಬರ ದರವನ್ನೊಬ್ಬರು ಇಳಿಸದೆ ಒಂದೇ ಷರತ್ತು ಮುಂದಿಡಲಿ. ದಾರಿ ತೋರುವವನು ಊರಿನವನಾಗಿರಬೇಕು; ಊಟ ಊರಿನ ಹೋಟೆಲಿನದಾಗಿರಬೇಕು; ವಾಹನ ನಿಲುಗಡೆಯ ಶುಲ್ಕ ಪಂಚಾಯಿತಿಗೆ ಸೇರಿ ಅದರಿಂದಲೇ ಕಸ ಎತ್ತುವವರಿಗೆ ಪೂರ್ಣ ಕೂಲಿ ಸಿಗಬೇಕು; ಸಾರ್ವಜನಿಕ ಜಮೀನನ್ನೂ ನೀರನ್ನೂ ಯಾರಿಗೂ ಅಗ್ಗದ ಗುತ್ತಿಗೆಗೆ ಕೊಡಬಾರದು.

ದ್ವೀಪಗಳ ನಡುವೆ ಸಮುದ್ರವಿತ್ತು, ಒಗ್ಗೂಡುವುದು ಕಷ್ಟವಾಯಿತು. ಮಾಲೂರಿಗೂ ಮುಳಬಾಗಿಲಿಗೂ ನಡುವೆ ಇರುವುದು ಬಸ್ಸಿನ ದಾರಿ ಮಾತ್ರ. ವರ್ತಕರೂ ಕಾರ್ಮಿಕರೂ ಪಂಚಾಯಿತಿಯ ಮುಂದಿನ ಸಭೆಯಲ್ಲೇ ಈ ಮಾತೆತ್ತಬೇಕು.