ಅಂಕೆ ಕೇಳುವ ಪ್ರಶ್ನೆ, ಪಟ್ಟಿ ಕೊಡುವ ಉತ್ತರ

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಆದವಾನಿಯೊಡನೆ ಕೋಸಗಿಯೂ ಸೇರಿತು. ಅದೇ ವರ್ಷ ಬೆಂಗಳೂರಿನಲ್ಲಿ ಅಪೂರ್ವವಾದ ಒಂದು ಕನ್ನಡ ಗ್ರಂಥವು ಅಚ್ಚಾಯಿತು. ಕುಮುದೇಂದು ಮುನಿಯು ರಚಿಸಿದನೆನ್ನಲಾಗುವ ‘ಸಿರಿಭೂವಲಯ’ವೇ ಅದು. ಇವೆರಡಕ್ಕೂ ಇಸವಿಯ ಹೊರತು ಬೇರೆ ನಂಟಿಲ್ಲ. ಆದರೆ ಗಣಕಯಂತ್ರದ ವಿದ್ಯೆಯು ಕನ್ನಡ ಮಾಧ್ಯಮದ ಮಕ್ಕಳಿಗೆ ಎಟುಕದೆಂದು ನಂಬಿರುವ ಪೋಷಕರಿಗೆ ಈ ಗ್ರಂಥವನ್ನು ತೋರಿಸಬೇಕಾಗಿದೆ.

ಸಿರಿಭೂವಲಯದಲ್ಲಿ ಅಕ್ಷರಗಳಿಲ್ಲ, ಅಂಕೆಗಳಿವೆ. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಸಂಖ್ಯೆಗಳನ್ನು ತುಂಬಲಾಗಿದೆ. ಪ್ರತಿಯೊಂದು ಸಂಖ್ಯೆಯೂ ಒಂದು ಧ್ವನಿಯ ವಿಳಾಸ. ಒಂಬತ್ತು ಸ್ವರಗಳ ಹ್ರಸ್ವ, ದೀರ್ಘ, ಪ್ಲುತ ರೂಪಗಳಿಗೆ 1ರಿಂದ 27. ವರ್ಗೀಯ ವ್ಯಂಜನಗಳಿಗೆ 28ರಿಂದ 52. ಯಕಾರದಿಂದ ಹಕಾರದವರೆಗೆ 53ರಿಂದ 60. ಅನುಸ್ವಾರ, ವಿಸರ್ಗ ಮೊದಲಾದ ನಾಲ್ಕು ಯೋಗವಾಹಗಳಿಗೆ 61ರಿಂದ 64. ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ: ರಾಷ್ಟ್ರಕೂಟರ ಅಮೋಘವರ್ಷನ ಕಾಲದ್ದೆನ್ನುವವರಿದ್ದಾರೆ, ಎಷ್ಟೋ ಶತಮಾನ ಈಚಿನದೆನ್ನುವವರೂ ಇದ್ದಾರೆ. ಅದರಲ್ಲಿ 718 ಭಾಷೆಗಳು ಅಡಗಿವೆ ಎಂಬುದು ಒಂದು ಹೇಳಿಕೆ, ಹೇಳಿಕೆಯು ಸಾಕ್ಷ್ಯವಲ್ಲ. ಆದರೆ ಅಂಕೆಗೆ ಅಕ್ಷರವನ್ನಿಟ್ಟು ಓದುವ ಕ್ರಮವನ್ನು ಮಾತ್ರ ಯಾವ ಮನೆಯ ಮಗುವಾದರೂ ಪರೀಕ್ಷಿಸಬಹುದು.

‘ಕೋಸಗಿ’ ಎಂಬ ಹೆಸರನ್ನೇ ಬಿಡಿಸಿ ನೋಡೋಣ. ಕ್, ಓ, ಸ್, ಅ, ಗ್, ಇ. ಸಂಖ್ಯೆಗಳಲ್ಲಿ 28, 23, 59, 1, 30, 4. ಇವನ್ನು ಮೂರು ಮೂರರಂತೆ ಎರಡು ಸಾಲಾಗಿ ಬರೆದರೆ ಪುಟ್ಟದೊಂದು ಮಾತೃಕೆಯಾಗುತ್ತದೆ:

28 23 59
1 30 4

ಇದರ ಪಕ್ಕದಲ್ಲಿ 64 ಮನೆಗಳ ಮತ್ತೊಂದು ಪಟ್ಟಿಯಿರಲಿ. ಅದರಲ್ಲಿ ಅಕ್ಷರಗಳಿಲ್ಲ, ‘ಇದು ಸ್ವರವೇ?’ ಎಂಬ ಒಂದೇ ಪ್ರಶ್ನೆಗೆ ಉತ್ತರಗಳಿವೆ. ಮೊದಲ 27 ಮನೆಗಳಲ್ಲಿ ‘ಹೌದು’, ಉಳಿದ 37ರಲ್ಲಿ ‘ಅಲ್ಲ’. ಗಣಕದವರು ಇಂಥದನ್ನು ತಾರ್ಕಿಕ ಪಟ್ಟಿಯೆನ್ನುತ್ತಾರೆ. ಈಗ ಮಾತೃಕೆಯ ಒಂದೊಂದು ಸಂಖ್ಯೆಯೂ ಪಟ್ಟಿಯಲ್ಲಿ ತನ್ನ ಮನೆಗೆ ಹೋಗಿ ಅಲ್ಲಿಯ ಉತ್ತರವನ್ನು ತರಲಿ:

ಅಲ್ಲ ಹೌದು ಅಲ್ಲ
ಹೌದು ಅಲ್ಲ ಹೌದು

ಪಟ್ಟಿಯು 64 ಮನೆಗಳದ್ದಾದರೂ ಉತ್ತರವು ಆರೇ ಮನೆಗಳದ್ದಾಗಿ, ಮಾತೃಕೆಯ ಆಕಾರವನ್ನೇ ತಾಳಿ ಬಂದಿರುವುದನ್ನು ಗಮನಿಸಬೇಕು. ಪ್ರಶ್ನೆ ಕೇಳಿದವರ ಆಕಾರವೇ ಉತ್ತರದ ಆಕಾರ. ಒಂದೇ ಸಂಖ್ಯೆಯು ನೂರು ಬಾರಿ ಬಂದರೆ ಉತ್ತರವೂ ನೂರು ಬಾರಿ ಬರುತ್ತದೆ. 729 ಮನೆಗಳ ಚೌಕಕ್ಕೂ ಈ 64 ಉತ್ತರಗಳೇ ಸಾಕು. ಆದುದರಿಂದಲೇ ಪಟ್ಟಿಯಲ್ಲಿ ಒಂದು ಮನೆ ತಪ್ಪಿದರೆ ಆ ತಪ್ಪು ಅದನ್ನು ಆಶ್ರಯಿಸಿದ ಎಲ್ಲೆಡೆಗೂ ಹರಡುತ್ತದೆ. ಮೂಲ ದಾಖಲೆಯ ತಪ್ಪು ನಕಲುಗಳಿಗೆಲ್ಲ ಇಳಿಯುವುದು ಕಚೇರಿಗಳನ್ನು ಅಲೆದವರಿಗೆ ಹೊಸದಲ್ಲ.

ಇನ್ನು ಇದನ್ನೇ ತಿರುಗಿಸಿ, ಈ ಹೌದು-ಅಲ್ಲಗಳನ್ನು ಜರಡಿಯಂತೆ ಮಾತೃಕೆಯ ಮೇಲಿಟ್ಟರೆ ಬೇರೆಯೇ ಕೆಲಸವಾಗುತ್ತದೆ. ‘ಹೌದು’ ಎಂದಿರುವ ಸಂಖ್ಯೆಗಳು ಮಾತ್ರ ಉಳಿದು, ಎರಡು ಸಾಲಿನ ಆಕಾರವು ಅಳಿಯುತ್ತದೆ. ಆದರೆ ಯಾವ ಅನುಕ್ರಮದಲ್ಲಿ ಉಳಿಯುತ್ತವೆ? ಪೈಥಾನಿನ ನಂಪೈ ಅಡ್ಡಸಾಲು ಹಿಡಿದು ಓದುತ್ತದೆ: 23, 1, 4, ಅಂದರೆ ಓ, ಅ, ಇ. ಮ್ಯಾಟ್‌ಲ್ಯಾಬ್ ಕಂಬಸಾಲು ಹಿಡಿದು ಇಳಿಯುತ್ತದೆ: 1, 23, 4, ಅಂದರೆ ಅ, ಓ, ಇ. ಎರಡೂ ಸರಿಯೇ; ಹೆಸರಿನ ಸ್ವರಕ್ರಮವು ಮಾತ್ರ ಒಂದರಲ್ಲಿ ಉಳಿದು ಇನ್ನೊಂದರಲ್ಲಿ ಕೆಟ್ಟಿತು. ಸಿರಿಭೂವಲಯದ ಚೌಕಗಳನ್ನು ಓದಲು ‘ಬಂಧ’ಗಳೆಂಬ ನಡೆಗಳನ್ನು ಹೇಳಿರುವುದೂ ಈ ಕಾರಣಕ್ಕೇ. ಅಕ್ಷರಪಟ್ಟಿ ಕೈಯಲ್ಲಿದ್ದೂ ನಡೆ ತಿಳಿಯದಿದ್ದರೆ ಪದ್ಯವು ಹೊರಡದು.

ಇದಕ್ಕಿಂತಲೂ ವಂಚಕವಾದ ತಪ್ಪೊಂದಿದೆ. ಮ್ಯಾಟ್‌ಲ್ಯಾಬ್ ಮನೆಗಳನ್ನು 1ರಿಂದ ಎಣಿಸುತ್ತದೆ, ನಂಪೈ 0ಯಿಂದ. ನಂಪೈಯಲ್ಲಿ ಪ್ರತಿ ಸಂಖ್ಯೆಯಿಂದ ಒಂದನ್ನು ಕಳೆಯಲು ಮರೆತರೆ 28 ಎಂಬುದು ಕಕಾರವನ್ನು ಬಿಟ್ಟು ಖಕಾರದ ಮನೆಯನ್ನು ತಟ್ಟುತ್ತದೆ. ಆದರೂ ಕೋಸಗಿಯ ಉತ್ತರಗಳಲ್ಲಿ ಒಂದೂ ಬದಲಾಗದು! ಖಕಾರವೂ ಸ್ವರವಲ್ಲ, 1ರ ಬದಲು ಎರಡನೆಯ ಮನೆ ತಟ್ಟಿದರೂ ಅಲ್ಲಿರುವುದು ಸ್ವರವೇ. ಈ ತಪ್ಪನ್ನು ಹಿಡಿದುಕೊಡುವ ಸಂಖ್ಯೆಗಳು ಎರಡೇ. 27 ಬಂದರೆ ಔಕಾರದ ಪ್ಲುತಕ್ಕೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. 64 ಬಂದರೆ ಅಂಥ ಮನೆಯೇ ಇಲ್ಲವೆಂದು ಯಂತ್ರವು ನಿಲ್ಲುತ್ತದೆ. ಔಕಾರದ ಪ್ಲುತವು ಎಷ್ಟು ಪದಗಳಲ್ಲಿ ಬಂದೀತು? ಉತ್ತರ ಸರಿಯಾಗಿದ್ದ ಮಾತ್ರಕ್ಕೆ ದಾರಿಯೂ ಸರಿಯೆಂದು ಒಪ್ಪುವ ಗುರುಗಳ ಮುಂದೆ ಈ ತಪ್ಪು ವರ್ಷಗಟ್ಟಲೆ ಬದುಕಬಲ್ಲದು. ಪರೀಕ್ಷಿಸುವವರು ಗಡಿಯ ಸಂಖ್ಯೆಗಳನ್ನೇ ಮೊದಲು ಕೇಳಬೇಕು.

ಕನ್ನಡ ವ್ಯಾಕರಣ ಓದಿದ ಮಗುವಿನ ಮೇಲುಗೈ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಸ್ವರದ ಪಟ್ಟಿಯಿದ್ದ ಮೇಲೆ ವ್ಯಂಜನಕ್ಕೆ ಬೇರೆ ಪಟ್ಟಿಯೇಕೆ, ಹೌದುಗಳನ್ನು ಅಲ್ಲ ಮಾಡಿ ಅಲ್ಲಗಳನ್ನು ಹೌದು ಮಾಡಿದರಾಯಿತಲ್ಲ ಎಂದು ಅವಸರದವರು ಹೇಳುತ್ತಾರೆ. ಕೋಸಗಿಯ ಮಟ್ಟಿಗೆ ಅದು ನಡೆದೀತು. ನೆರೆಯ ಮಂತ್ರಾಲಯಕ್ಕೆ ನಡೆಯದು. ಐದೈದರ ಎರಡು ಸಾಲಾಗಿ ಅದರ ಸಂಖ್ಯೆಗಳು:

52 1 61 43 54
2 55 1 53 1

ಸ್ವರಗಳು ನಾಲ್ಕು, ವ್ಯಂಜನಗಳು ಐದು. 61 ಅನುಸ್ವಾರ, ಅದು ಯೋಗವಾಹ, ಸ್ವರವೂ ಅಲ್ಲ, ವ್ಯಂಜನವೂ ಅಲ್ಲ. ಸ್ವರದ ಪಟ್ಟಿಯನ್ನು ತಿರುಗಿಸಿದವನಿಗೆ ವ್ಯಂಜನಗಳು ಆರಾಗುತ್ತವೆ. 28ರಿಂದ 60ರವರೆಗೆ ಮಾತ್ರ ‘ಹೌದು’ ಎನ್ನುವ ಎರಡನೆಯ ಪಟ್ಟಿಯನ್ನು ಬೇರೆಯಾಗಿಯೇ ಬರೆಯಬೇಕು.